ಕರಗದ ಕೊಂಡಿ

"ಮುಟ್ಟಬೇಡಿ ಅಂದೆ. ಬಾಂಬಲ್ಲ, ಆದ್ರೂ ಮುಟ್ಟಬೇಡಿ."

ಮೀನುಬಂದರಿನ ಜನ ಒಂದು ಹೆಜ್ಜೆ ಹಿಂದೆ ಸರಿದು ಎರಡು ಹೆಜ್ಜೆ ಮುಂದೆ ಬಂದರು. ದೋಣಿಯ ಹಲಗೆಯ ಮೇಲೆ, ಹರಿದ ಬಲೆಯ ನಡುವೆ, ಇನ್ನೂ ಬಾಯಿ ಆಡಿಸುತ್ತಿದ್ದ ಮೀನುಗಳ ಪಕ್ಕದಲ್ಲಿ ಆಳೆತ್ತರಕ್ಕಿಂತ ಉದ್ದವಾದ ಹಳದಿ ಯಂತ್ರವೊಂದು ಅಡ್ಡ ಬಿದ್ದಿತ್ತು. ಮೈತುಂಬ ಕೆಸರು. ಬಾಲದ ಪಂಖಕ್ಕೆ ಯಾವುದೋ ಹಡಗು ಬಿಸಾಕಿದ ಹಗ್ಗ ಬಿಗಿಯಾಗಿ ಸುತ್ತಿಕೊಂಡಿತ್ತು.

ಕಳೆದ ತಿಂಗಳು ನೌಕಾಪಡೆಯ ಕಾರ್ಖಾನೆಯಿಂದ ನೀರಿಗಿಳಿದು, ಮೂರೇ ದಿನಕ್ಕೆ ಮಾತು ನಿಲ್ಲಿಸಿ ಮಾಯವಾದ ಯಂತ್ರ ಇದೇ. ಇದನ್ನು ಪಕ್ಕದ ದೇಶಕ್ಕೆ ದಾಟಿಸಿದಳೆಂದು ಇದರ ಚಾಲಕಿಯನ್ನು ಕೂಡಿಹಾಕಿಯಾಗಿತ್ತು. ಇವತ್ತು ಸಂಜೆ ಅವಳನ್ನು ಸೇನೆಯ ವಶಕ್ಕೆ ಒಪ್ಪಿಸುವವರಿದ್ದರು.

ಮುಟ್ಟಬೇಡಿ ಎಂದು ಅದರ ಪಕ್ಕ ಮಂಡಿಯೂರಿ ಕೂತ ಮನುಷ್ಯ ಕಾರ್ಖಾನೆಯ ತನಿಖಾಧಿಕಾರಿ. ಹಿಂದೆ ಪೊಲೀಸಿನಲ್ಲಿದ್ದವನು. ಕಚ್ಚಿದರೆ ಬಿಡುವುದಿಲ್ಲವೆಂದು ಅಲ್ಲಿ ಅಂಟಿದ ಹೆಸರು ಜಿಗಣೆ. ಕಚ್ಚಬಾರದವರನ್ನು ಕಚ್ಚಿ ಹುದ್ದೆ ಹೋಯಿತು, ಹೆಸರು ಹೋಗಲಿಲ್ಲ.

"ಸಾಹೇಬ್ರೆ, ನಿಮ್ಮದಾದ್ರೆ ಎತ್ಕೊಂಡು ಹೋಗಿ," ಅಂದ ದೋಣಿಯ ಯಜಮಾನ. "ನಮ್ಮ ಬಲೆ ಹರಿದದ್ದು ಸಾಕು. ಭಾರ ನೋಡಿ ದೊಡ್ಡ ಮೀನೇ ಬಿತ್ತು ಅಂತ ಹಿಗ್ಗಿಬಿಟ್ಟಿದ್ವಿ."

"ಎಲ್ಲಿ ಸಿಕ್ತು?"

"ಕಲ್ಲುದಿಬ್ಬದ ಈ ಪಕ್ಕ. ತಳದಲ್ಲಿ."

"ಗಡಿ ಗೆರೆಯ ಆಚೆಗಾ, ಈಚೆಗಾ?"

"ಆಚೆಗೆ ಹೋಗಿದ್ರೆ ಇಲ್ಲಿ ನಿಂತು ನಿಮಗೆ ಉತ್ತರ ಕೊಡ್ತಿದ್ನಾ ನಾನು? ಅಲ್ಲಿ ಜೈಲಲ್ಲಿ ಸೊಪ್ಪು ಸೋಸ್ತಿರ್ತಿದ್ದೆ."

ಜನ ನಕ್ಕರು. ಜಿಗಣೆ ನಗಲಿಲ್ಲ. ಅವನ ಕಣ್ಣು ಯಂತ್ರದ ಹೊಟ್ಟೆಯ ಕೆಳಗಿತ್ತು.

ಕಾಗದಪತ್ರಗಳಲ್ಲಿ ಈ ಯಂತ್ರಕ್ಕೆ ಒಂದು ಗೇಣುದ್ದದ ಹೆಸರಿತ್ತು. ಕಾರ್ಖಾನೆಯವರು ಕರೆಯುತ್ತಿದ್ದದ್ದು ಸೋರೆಕಾಯಿ ಎಂದು. ಒಳಗೆ ಮನುಷ್ಯರಿಲ್ಲ. ತಾನೇ ನೀರಿನಡಿ ಈಜಿಕೊಂಡು ಗಡಿಯ ಹತ್ತಿರ ಹೋಗಿ ಸದ್ದಿಲ್ಲದೆ ನಿಲ್ಲುತ್ತದೆ. ಆಚೆಯವರ ಹಡಗುಗಳ ಪಂಖದ ಸದ್ದು ಕೇಳಿಸಿಕೊಳ್ಳುತ್ತದೆ, ತಳದ ಚಿತ್ರ ತೆಗೆಯುತ್ತದೆ, ಮರಳಿ ಬರುತ್ತದೆ. ಆಗಾಗ ಒಂದಿಷ್ಟು ಮೇಲೆ ಬಂದು ದಡದ ಕೋಣೆಯಲ್ಲಿ ಪರದೆಯ ಮುಂದೆ ಕೂತ ಚಾಲಕಿಗೆ ಇರುವ ಜಾಗ ತಿಳಿಸುತ್ತದೆ. ಕದ್ದು ನೋಡುವ, ಕದ್ದು ಕೇಳುವ ಕಸುಬು.

ಇಂಥ ಕಸುಬಿನದಕ್ಕೆ ಯಾರಾದರೂ ಹಳದಿ ಬಳಿಯುತ್ತಾರೆಯೇ? ಕಳ್ಳನ ಕಾಲಿಗೆ ಗೆಜ್ಜೆ ಕಟ್ಟುತ್ತಾರೆಯೇ? ಮೊದಲು ಅದರ ಮೈ ಮಬ್ಬು ನೀಲಿಯಾಗಿತ್ತು. ಕಳೆದ ತಿಂಗಳು ಮಂತ್ರಿಗಳು ನೋಡಲು ಬರುತ್ತಾರೆಂದಾಗ, ಮಬ್ಬು ನೀಲಿ ಫೋಟೋದಲ್ಲಿ ಏಳುವುದಿಲ್ಲವೆಂದು ಹಳದಿ ಮಾಡಿದರು. ಕಾರ್ಖಾನೆಯಲ್ಲಿ ಒಂದು ಗಾದೆಯೇ ಹುಟ್ಟಿಕೊಂಡಿತ್ತು: ದೊಡ್ಡವರು ಬಂದರೆ ನಿಂತದ್ದಕ್ಕೆಲ್ಲ ಬಣ್ಣ, ನಡೆಯುವುದಕ್ಕೆಲ್ಲ ಸಲಾಮು. ಮಂತ್ರಿಗಳು ಗುಂಡಿ ಒತ್ತಿದರು, ಚಪ್ಪಾಳೆ ಬಿತ್ತು, ಸೋರೆಕಾಯಿ ಅದೇ ಹಳದಿ ಮೈಯಲ್ಲಿ ನೇರ ಕೆಲಸಕ್ಕೆ ಹೋಯಿತು.

ಹೊಟ್ಟೆಯ ಕೆಳಗೆ ಸೀಸದ ಗುಂಡು ಇನ್ನೂ ನೇತಾಡುತ್ತಿತ್ತು. ಅದು ಅಲ್ಲಿ ಇರಲೇಬಾರದಾಗಿತ್ತು.

"ಅದು ತಾನಾಗೇ ಮೇಲೆ ಬರುತ್ತೆ ಸರ್," ಎಂದು ಚಾಲಕಿ ಪ್ರತಿ ವಿಚಾರಣೆಯಲ್ಲೂ ಹೇಳಿದ್ದಳು. "ಬ್ಯಾಟರಿ ಸತ್ರೂ ಬರುತ್ತೆ. ಸೀಸದ ಗುಂಡನ್ನ ಹಿಡ್ಕೊಂಡಿರೋದು ಒಂದು ಚಿಕ್ಕ ಕೊಂಡಿ. ಅದರ ಲೋಹ ಉಪ್ಪುನೀರಲ್ಲಿ ಸೋಪಿನ ಹಾಗೆ ಸವೀತಾ ಹೋಗುತ್ತೆ. ಇಷ್ಟು ದಿನಕ್ಕೆ ಕರಗ್ಬೇಕು ಅಂತ ಲೆಕ್ಕ ಹಾಕೇ ಮಾಡಿರ್ತಾರೆ. ಕೊಂಡಿ ಕರಗಿದ್ರೆ ಗುಂಡು ಬೀಳುತ್ತೆ, ಸೋರೆಕಾಯಿ ತೇಲುತ್ತೆ. ಬಂದಿಲ್ಲ ಅಂದ್ರೆ ಕೊಂಡೀನ ನೋಡ್ಬೇಕು."

ಕಾರ್ಖಾನೆಯ ಮುಖ್ಯಸ್ಥರು ಇದನ್ನು ಎರಡು ಮಾತಿನಲ್ಲಿ ಮುಗಿಸಿದ್ದರು. "ಮೇಲೆ ಬರ್ಲಿಲ್ಲ ಅಂದ್ರೆ ಇಲ್ಲಿಲ್ಲ. ಇಲ್ಲಿಲ್ಲ ಅಂದ್ರೆ ಅಲ್ಲಿದೆ."

ಜಿಗಣೆ ಹೆಬ್ಬೆರಳಿನಿಂದ ಕೊಂಡಿಯ ಮೇಲಿನ ಕೆಸರು ಒರೆಸಿದ. ಹಳದಿ. ಉಗುರಿನಿಂದ ಕೆರೆದ. ಬಣ್ಣದ ಸಿಪ್ಪೆ ಎದ್ದು ಬಂತು, ಕೆಳಗಿನ ಲೋಹ ಈಗ ತಾನೆ ಡಬ್ಬಿಯಿಂದ ತೆಗೆದಷ್ಟು ಹೊಸದಾಗಿತ್ತು. ಒಂದು ಹನಿ ಸಮುದ್ರ ಅದನ್ನು ಮುಟ್ಟಿರಲಿಲ್ಲ.

ಅವನಿಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ಒಂದು ತಿಂಗಳಿಂದ ಶತ್ರು, ಬೇಹುಗಾರಿಕೆ, ಗುಪ್ತ ಸಂದೇಶ ಎಂದು ಎಷ್ಟು ದೊಡ್ಡ ದೊಡ್ಡ ಮಾತುಗಳನ್ನು ಕೇಳಿದ್ದ. ಕೊನೆಗೆ ಸಿಕ್ಕಿದ್ದು ಒಂದು ಕುಂಚದಷ್ಟು ಬಣ್ಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು.

ಕೊಂಡಿಯನ್ನು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಇಬ್ಬರು ಕಾವಲುಗಾರರನ್ನು ದೋಣಿಯ ಮೇಲೆ ನಿಲ್ಲಿಸಿದ. ಕಾರ್ಖಾನೆಯಲ್ಲಿ ಬಣ್ಣ ಹಚ್ಚುವವನು ಒಬ್ಬನೇ. ಅವನು ಚಾಲಕಿಯ ಸೋದರಮಾವ, ಎಲ್ಲರ ಬಾಯಲ್ಲಿ ಬಣ್ಣದಯ್ಯ.

* * *

ಬಣ್ಣದಯ್ಯನ ಮನೆಯ ಬಾಗಿಲು ತೆರೆದೇ ಇತ್ತು. ಕಿಟಕಿಗೆ ಪರದೆ ಎಳೆದಿತ್ತು, ದೀಪ ಹಾಕಿರಲಿಲ್ಲ. ಸೊಸೆಯನ್ನು ಹಿಡಿದ ದಿನದಿಂದ ಅವನಿಗೂ ಕಾರ್ಖಾನೆಯ ಗೇಟು ಮುಚ್ಚಿತ್ತು. ಕುರ್ಚಿಯಲ್ಲಿ ಕೂತು, ಕುಂಚ ಒರೆಸುವ ಹಳೇ ಬಟ್ಟೆಗಳನ್ನು ಮಡಚಿ ಮಡಚಿ ಒಂದರ ಮೇಲೊಂದು ಇಡುತ್ತಿದ್ದ. ಒರೆಸಲು ಯಾವ ಕುಂಚವೂ ಇರಲಿಲ್ಲ.

"ಯಾರು?"

"ನಾನು. ತನಿಖೆಯವನು."

"ಬನ್ನಿ ಸಾಹೇಬ್ರೆ. ಕೂತ್ಕೊಳ್ಳಿ. ಹುಡುಗಿ ಊಟ ಮಾಡ್ತಿದಾಳಾ?"

ಜಿಗಣೆ ಬಂದಾಗಲೆಲ್ಲ ಅವನು ಕೇಳುತ್ತಿದ್ದದ್ದು ಇದೊಂದೇ. ಅಕ್ಕ ತೀರಿಕೊಂಡಾಗ ಮೊಣಕಾಲೆತ್ತರ ಇದ್ದ ಹುಡುಗಿಯನ್ನು ತಂದು ಸಾಕಿದವನು. ತಾನು ಮದುವೆಯಾಗಲಿಲ್ಲ. ಥಿನ್ನರಿನ ವಾಸನೆ ಹೊತ್ತುಕೊಂಡು ಅವಳ ಶಾಲೆಗೆ ಹೋದರೆ ಉಳಿದ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ, ಅವಳು ಮಾತ್ರ ಓಡಿ ಬಂದು ಕೈ ಹಿಡಿಯುತ್ತಿದ್ದಳಂತೆ. ಈ ಕತೆಯನ್ನು ಅವನು ಕಾರ್ಖಾನೆಯಲ್ಲಿ ಕೇಳದವರಿಗೂ ಹೇಳಿದ್ದ.

"ಮಾಡ್ತಿದಾಳೆ," ಅಂದ ಜಿಗಣೆ. ಅದು ಸುಳ್ಳು. "ಸೋರೆಕಾಯಿ ಸಿಕ್ಕಿದೆ."

ಬಟ್ಟೆ ಮಡಚುತ್ತಿದ್ದ ಕೈ ನಿಂತಿತು.

"ಎಲ್ಲಿ?"

"ನಮ್ಮ ನೀರಲ್ಲೇ. ತಳದಲ್ಲಿ ಬಿದ್ದಿತ್ತು. ಪಂಖಕ್ಕೆ ಹಗ್ಗ ಸಿಕ್ಕಿ ನಿಂತುಹೋಗಿದೆ. ಮೇಲೆ ಬರಬೇಕಿತ್ತು, ಬರ್ಲಿಲ್ಲ. ಯಾಕೆ ಅಂತ ನೋಡಿ."

ಕರವಸ್ತ್ರ ಬಿಡಿಸಿ ಕೊಂಡಿಯನ್ನು ಮುದುಕನ ಅಂಗೈ ಮೇಲಿಟ್ಟ. ಬಣ್ಣದಯ್ಯ ಮುಷ್ಟಿ ಮುಚ್ಚಿ, ಹೆಬ್ಬೆರಳಿನಿಂದ ಅದರ ಸುತ್ತ ಸವರಿದ. ಜಿಗಣೆ ಕೆರೆದ ಜಾಗದಲ್ಲಿ ಬೆರಳು ತಡೆಯಿತು.

"ಬಣ್ಣ ಇದೆ," ಅಂದ. ಇನ್ನೊಮ್ಮೆ ಸವರಿ, "ಹಳದಿನೇ ಅಲ್ವಾ?"

"ಇನ್ಯಾವ್ದು?"

ನಾಚಿಕೆಗೆ ತಲೆ ಎತ್ತುತ್ತಿಲ್ಲ ಅಂದುಕೊಂಡ ಜಿಗಣೆ. ಪೊಲೀಸಿನಲ್ಲಿದ್ದಾಗ ಇಂಥ ಬಗ್ಗಿದ ತಲೆಗಳನ್ನು ಎಷ್ಟೋ ನೋಡಿದ್ದ.

"ಇದಕ್ಕೆ ಬಣ್ಣ ಬಿದ್ರೆ ಕರಗಲ್ಲ. ಅದು ನಿಮಗೆ ಗೊತ್ತಿಲ್ದೆ ಇರೋ ವಿಷಯ ಅಲ್ಲ."

"ಗೊತ್ತು. ಮೊದಲು ಇದಕ್ಕೆ ಟೇಪು ಸುತ್ತಬೇಕು. ಆಮೇಲೆ ಬಣ್ಣ. ಒಣಗಿದ ಮೇಲೆ ಟೇಪು ಕೀಳಬೇಕು."

"ಮತ್ತೆ ಈ ಸಲ ಏನಾಯ್ತು?"

ಬಣ್ಣದಯ್ಯ ಉತ್ತರ ಕೊಡುವ ಬದಲು ತಾನೇ ಒಂದು ಪ್ರಶ್ನೆ ಕೇಳಿದ.

"ಇದು ಬಣ್ಣದಿಂದ ಆದದ್ದು ಅಂತ ಗೊತ್ತಾದ್ರೆ ಹುಡುಗೀನ ಬಿಡ್ತಾರಾ?"

"ಬಿಡಲೇಬೇಕು. ಯಂತ್ರ ಗಡಿ ದಾಟೇ ಇಲ್ಲ, ಇನ್ನು ದಾಟಿಸಿದವಳು ಎಲ್ಲಿಂದ ಬಂದ್ಲು?"

"ಹಾಗಾದ್ರೆ ನಾನೇ ಹಚ್ಚಿದ್ದು. ಗಡಿಬಿಡಿಯಲ್ಲಿ ಟೇಪು ಮರೆತೆ. ಎಲ್ಲಿ ಬೇಕಾದ್ರೂ ಹೇಳ್ತೀನಿ."

ಆ 'ಹಾಗಾದ್ರೆ' ಜಿಗಣೆಯ ಕಿವಿಗೆ ಬಿತ್ತು. ಬೇರೆ ದಿನವಾಗಿದ್ದರೆ ಅವನು ಅಲ್ಲೇ ಕಚ್ಚಿ ಹಿಡಿಯುತ್ತಿದ್ದ. ಇವತ್ತು ಸಂಜೆಯೊಳಗೆ ಒಂದು ಬಾಗಿಲು ತೆಗೆಸಬೇಕೆಂಬ ಆತುರ ಅವನ ಬುದ್ಧಿಗಿಂತ ಮುಂದೆ ಓಡುತ್ತಿತ್ತು.

"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ ನೀವು?"

"ಯಂತ್ರಾನೇ ಇಲ್ಲದಾಗ ಬಣ್ಣದ ಮಾತು ಯಾರು ಕೇಳ್ತಾರೆ ಸಾಹೇಬ್ರೆ?"

ಮಾತು ಸರಿಯಾಗಿತ್ತು. ಜಿಗಣೆ ಕೊಂಡಿಯನ್ನು ವಾಪಸು ತೆಗೆದುಕೊಂಡು ಎದ್ದ. ಮರೆವಿಗೆ ಹೆಚ್ಚೆಂದರೆ ಒಂದು ನೋಟಿಸು, ಒಂದು ಬೈಗುಳ, ನಿವೃತ್ತಿಯ ಹತ್ತಿರ ಬಂದ ಮುದುಕನಿಗೆ ಇನ್ನೇನು ಮಾಡುತ್ತಾರೆ ಎಂದುಕೊಂಡೇ ಮೆಟ್ಟಿಲಿಳಿದ. ಬುದ್ಧಿವಂತರ ದಡ್ಡತನಕ್ಕೆ ಕೊಂಬು ಇರುವುದಿಲ್ಲ, ಬೇಗ ಕಣ್ಣಿಗೆ ಬೀಳುವುದಿಲ್ಲ.

* * *

ಮುಖ್ಯಸ್ಥರ ಕೋಣೆಯ ಗೋಡೆಗೆ ಹೊಸ ಫೋಟೋ ಬಂದಿತ್ತು. ಸೋರೆಕಾಯಿಯ ಹಳದಿ ಬೆನ್ನ ಮೇಲೆ ಮಂತ್ರಿಗಳ ಕೈ, ಮಂತ್ರಿಗಳ ಪಕ್ಕದಲ್ಲಿ ಮುಖ್ಯಸ್ಥರ ನಗು. ಯಂತ್ರ ಕಳೆದುಹೋದರೂ ಚೌಕಟ್ಟು ಹಾಕಿಸುವುದು ನಿಂತಿರಲಿಲ್ಲ.

ಜಿಗಣೆ ಕೊಂಡಿಯನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದ. ದೋಣಿ, ಬಲೆ, ಹಗ್ಗ, ಗುಂಡು, ಬಣ್ಣ. ಬಣ್ಣದಯ್ಯ ಒಪ್ಪಿಕೊಂಡದ್ದನ್ನೂ ಹೇಳಿದ.

ಮುಖ್ಯಸ್ಥರು ಮೊದಲು ಕೇಳಿದ್ದು, "ಯಾರ್ಯಾರು ನೋಡಿದ್ದಾರೆ?"

"ಮೀನುಬಂದರಿನ ಅರ್ಧ ಜನ. ಉಳಿದರ್ಧಕ್ಕೆ ಇಷ್ಟು ಹೊತ್ತಿಗೆ ಸುದ್ದಿ ಮುಟ್ಟಿರುತ್ತೆ."

"ಅದನ್ನ ಸದ್ದಿಲ್ದೆ ತರೋಕೆ ಆಗ್ತಿರ್ಲಿಲ್ವೇನಯ್ಯಾ?"

"ಹಳದಿ ಅಲ್ವಾ ಸರ್. ದೂರದಿಂದಲೇ ಕಾಣುತ್ತೆ."

ಮುಖ್ಯಸ್ಥರು ಅವನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. ಪೊಲೀಸಿನಿಂದ ಹೊರಬಿದ್ದವನಿಗೆ ಕರೆದು ಕೆಲಸ ಕೊಟ್ಟವರು ಅವರೇ. ಅದನ್ನು ಅವರೂ ಮರೆತಿರಲಿಲ್ಲ, ಅವನಿಗೂ ಮರೆಯಲು ಬಿಟ್ಟಿರಲಿಲ್ಲ.

"ಬಾಗಿಲು ಹಾಕು. ಕೂತ್ಕೊ. ನಾನು ಹೇಳೋದನ್ನ ಸಮಾಧಾನವಾಗಿ ಕೇಳು. ಈ ಇಲಾಖೆಯಲ್ಲಿ ಒಬ್ಬ ದ್ರೋಹಿ ಸಿಕ್ಕಿದ್ರೆ ಅದಕ್ಕೊಂದು ಗಾಂಭೀರ್ಯ ಇರುತ್ತೆ. ನಮ್ಮ ಯಂತ್ರಕ್ಕೆ ಶತ್ರು ಆಸೆಪಟ್ಟ ಅಂತಾಗುತ್ತೆ. ಕಾವಲು ಜಾಸ್ತಿ ಮಾಡಿ, ಇನ್ನೆರಡು ಯಂತ್ರ ಕೊಡಿ ಅಂತ ಕೇಳ್ಬಹುದು. ಬಣ್ಣ ಅಂದ್ರೆ? ಫೋಟೋಕ್ಕೆ ಬಣ್ಣ ಬಳಿದು ಮುಳುಗಿಸಿದ್ರು ಅಂದ್ರೆ? ನಗ್ತಾರಯ್ಯಾ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ."

"ನಗ್ಲಿ ಬಿಡಿ ಸರ್. ಆ ಹುಡುಗಿ ಜೈಲಲ್ಲಿ ಕೊಳೆಯೋದಕ್ಕಿಂತ ನೀವು ಒಂದು ವಾರ ನಗೆಪಾಟಲಾಗೋದು ವಾಸಿ."

"ನಾಲಿಗೆ ಬಿಗಿ ಹಿಡಿ."

"ಹಿಡಿದಿದ್ದೀನಿ. ಇಲ್ಲದಿದ್ರೆ ನೇರ ಪತ್ರಿಕೆಯವರ ಹತ್ರ ಹೋಗಿರ್ತಿದ್ದೆ."

ಮುಖ್ಯಸ್ಥರು ಪೇಪರ್‌ವೇಟನ್ನು ಅತ್ತಿಂದಿತ್ತ ಉರುಳಿಸಿದರು. ಸಿಟ್ಟು ಮುಖಕ್ಕೆ ಬಂದು, ಅಲ್ಲಿ ಜಾಗ ಸಿಗದೆ ವಾಪಸು ಹೋದದ್ದು ಕಾಣುತ್ತಿತ್ತು.

"ನಿನಗೆ ಹೇಳೋದು ಸುಲಭ," ಅಂದರು. "ಆವತ್ತು ಬೆಳಿಗ್ಗೆ ನನ್ನ ತಲೆ ಮೇಲೆ ಏನೇನಿತ್ತು ಅಂತ ನಿನಗೇನು ಗೊತ್ತು? ಮಂತ್ರಿಗಳ ಗಾಡಿ ಆಗಲೇ ಹೊರಟಿತ್ತು. ಇಡೀ ಮೈ ಥಳಥಳ ಅಂತಿದೆ, ಹೊಟ್ಟೆ ಕೆಳಗೆ ಮಾತ್ರ ಒಂದು ಬೂದು ತುಣುಕು, ಹುಣ್ಣಿನ ಹಾಗೆ. ಫೋಟೋ ತೆಗೆಯೋನು ಕೆಳಗಿಂದ ತೆಗೀತೀನಿ ಅಂತಾನೆ..."

ಮಾತು ಅಲ್ಲಿಗೆ ನಿಂತಿತು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಮುಖ್ಯಸ್ಥರು ತಾವಾಗಿಯೇ ಹೆಗಲು ಮುಟ್ಟಿ ನೋಡಿಕೊಂಡಿದ್ದರು.

ಜಿಗಣೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

"ಬೆಳಿಗ್ಗೆ ನೀವು ನೋಡ್ದಾಗ ಕೊಂಡಿ ಬೂದು ಬಣ್ಣದಲ್ಲೇ ಇತ್ತಾ?"

"ಏನು?"

"ಬಣ್ಣ ಹಚ್ಚಿ ಮುಗಿಸಿದ್ದು ಹಿಂದಿನ ದಿನ ಸಂಜೆ. ಬೆಳಿಗ್ಗೆ ಕೊಂಡಿ ಬೂದಾಗಿದ್ರೆ ಟೇಪು ಸುತ್ತೇ ಹಚ್ಚಿದ್ರು ಅಂತಾಯ್ತು. ಮರೆತಿಲ್ಲ ಅಂತಾಯ್ತು. ಆಮೇಲೆ ಅದನ್ನ ಹಳದಿ ಮಾಡಿದ್ಯಾರು?"

ಕೋಣೆಯಲ್ಲಿ ಈಗ ಗೋಡೆಯ ಫೋಟೋ ಮಾತ್ರ ನಗುತ್ತಿತ್ತು. ಸಿಕ್ಕ, ಅಂದುಕೊಂಡ ಜಿಗಣೆ. ಈ ಸಲ ಕಚ್ಚಬಾರದವನೇ ಸಿಕ್ಕ.

ಮುಖ್ಯಸ್ಥರು ಪೇಪರ್‌ವೇಟನ್ನು ಕೆಳಗಿಟ್ಟರು. ಆಮೇಲೆ, ಜಿಗಣೆ ಕಲ್ಪಿಸದೇ ಇದ್ದಷ್ಟು ಶಾಂತವಾಗಿ ಹೇಳಿದರು.

"ಬಣ್ಣದವನೇ ಮಾಡಿದ. ನಾನು ಅವನನ್ನ ಕರೆದೆ, ಇಲ್ಲೊಂದು ಚೂರು ಉಳಿದಿದೆ ಹಚ್ಚು ಅಂದೆ. ಹಚ್ಚಿದ. ನನಗೆ ಅದು ಕೊಂಡಿ ಅಂತಾನೂ ಗೊತ್ತಿರ್ಲಿಲ್ಲ. ನಾನು ಆಫೀಸಿನಲ್ಲಿ ಕೂತ್ಕೊಳ್ಳೋನು. ಅವನಿಗೆ ಗೊತ್ತಿತ್ತು. ಹಚ್ಚಬಾರದು ಅಂತ ಒಂದು ಮಾತು ಹೇಳ್ಬಹುದಿತ್ತು, ಹೇಳ್ಲಿಲ್ಲ. ಗೊತ್ತಿದ್ದೂ ಹಚ್ಚಿದ ಅಂದ್ರೆ ಅದು ಮರೆವಲ್ಲ, ಬೇಕು ಅಂತ ಮಾಡಿದ್ದು. ಒಪ್ಕೊಂಡಿದಾನೆ ಅಂತ ನೀನೇ ಹೇಳಿದ್ಯಲ್ಲ?"

ಜಿಗಣೆ ಕುರ್ಚಿಯಿಂದ ಅರ್ಧ ಎದ್ದ.

"ಅವರು ಒಪ್ಕೊಂಡಿದ್ದು ಟೇಪು ಮರೆತೆ ಅಂತ."

"ಟೇಪು ಮರೆತಿಲ್ಲ ಅಂತ ಈಗ ತಾನೆ ನೀನೇ ಸಾಧಿಸಿದೆ. ಹಚ್ಚಿದ್ದು ನಾನೇ ಅಂದಿದಾನಲ್ಲ, ಅಷ್ಟು ಸಾಕು. ಅವನು ಸುಳ್ಳೂ ಹೇಳಿದ ಅಂತ ಸೇರಿಸ್ಕೊಂಡ್ರಾಯ್ತು. ಚೆನ್ನಾಗಿ ತನಿಖೆ ಮಾಡಿದ್ದೀಯ."

ಮುಖ್ಯಸ್ಥರು ಫೋನು ಎತ್ತಿದರು. ಚಾಲಕಿಯನ್ನು ಬಿಡಿ ಅಂದರು. ಬಣ್ಣದವನನ್ನು ಮನೆಯಿಂದ ಎತ್ತಿಕೊಂಡು ಬನ್ನಿ ಅಂದರು. ಫೋನಿಟ್ಟು, ಮೇಜಿನ ಮೇಲಿದ್ದ ಕೊಂಡಿಯನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

"ಸೇನೆಯ ಗಾಡಿ ಹೇಗೂ ಬರ್ತಿದೆ. ಖಾಲಿ ಕಳಿಸೋದು ಬೇಡ. ಹೋಗು, ಹುಡುಗಿಯ ಬಾಗಿಲು ನೀನೇ ತೆಗಿ. ನೀನೇ ಗೆದ್ದಿರೋದು."

* * *

ಚಾಲಕಿಯನ್ನು ಇಟ್ಟಿದ್ದದ್ದು ಅತಿಥಿಗೃಹದ ಹಿಂದಿನ ಓಣಿಯ ಕೋಣೆಯಲ್ಲಿ. ಹಿಂದೆ ಅಲ್ಲಿ ಹಾಸಿಗೆ ದಿಂಬು ತುಂಬಿಡುತ್ತಿದ್ದರು. ಈಗ ಒಂದು ಮಂಚ, ಒಂದು ಕುರ್ಚಿ. ಊಟದ ತಟ್ಟೆ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು.

ಜಿಗಣೆ ಬೀಗ ತೆಗೆದ. ಇಡೀ ದಿನ ಈ ಬಾಗಿಲಿಗಾಗಿ ಓಡಾಡಿದ್ದ. ತೆಗೆಯುವ ಹೊತ್ತಿಗೆ ಅವನಿಗೆ ಓಡಿಹೋಗಬೇಕೆನಿಸಿತು.

"ಸೋರೆಕಾಯಿ ಸಿಕ್ತು," ಅಂದ. "ನಮ್ಮ ನೀರಲ್ಲೇ. ನೀನು ಹೇಳಿದ್ದೇ ಸರಿ. ಕೊಂಡಿ ಕರಗಿರ್ಲಿಲ್ಲ."

ಅವಳು ಎದ್ದು ನಿಂತಳು. ಒಂದು ತಿಂಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ಅವಳ ವಯಸ್ಸು ಕಂಡಿತು.

"ಯಾಕೆ ಕರಗ್ಲಿಲ್ಲ? ತಯಾರಿಕೆಯಲ್ಲೇ ದೋಷ ಇತ್ತಾ?"

"ಬಣ್ಣ ಬಿದ್ದಿತ್ತು."

"ಸಾಧ್ಯಾನೇ ಇಲ್ಲ."

ಅವಳು ಹಾಗೆ ಅಂದದ್ದು ಯೋಚಿಸಿ ಅಲ್ಲ, ತಟ್ಟನೆ. ಯಾಕೆ ಎಂದು ಜಿಗಣೆ ಕೇಳುವಷ್ಟರಲ್ಲಿ ಓಣಿಯ ಆ ತುದಿಯಲ್ಲಿ ಬೂಟುಗಳ ಸದ್ದಾಯಿತು. ಇಬ್ಬರು ಕಾವಲುಗಾರರು ನಡುವೆ ಒಬ್ಬ ಮುದುಕನನ್ನು ಹಿಡಿದುಕೊಂಡು ಬರುತ್ತಿದ್ದರು. ಚಾಲಕಿ ಹೊಸ್ತಿಲು ದಾಟಿ ಓಣಿಗೆ ಬಂದು ನಿಂತಳು.

ಓಣಿಯ ನಡುವೆ ನೆಲ ಒಂದು ಮೆಟ್ಟಿಲಷ್ಟು ಇಳಿಯುತ್ತಿತ್ತು. ಕಾರ್ಖಾನೆಯಲ್ಲಿ ಕೂದಲು ಹಣ್ಣಾಗಿಸಿಕೊಂಡ ಯಾರಿಗಾದರೂ ಗೊತ್ತಿರುವ ಮೆಟ್ಟಿಲು, ಎದುರಿಗೇ ದೀಪವೂ ಉರಿಯುತ್ತಿತ್ತು. ಬಣ್ಣದಯ್ಯ ಅಲ್ಲಿ ಮುಗ್ಗರಿಸಿ ಮಂಡಿ ಊರಿದ.

"ಕಣ್ಣು ಕಾಣಲ್ವೇನಯ್ಯಾ?" ಎಂದು ಕಾವಲುಗಾರ ಗದರಿ ಎಬ್ಬಿಸಿದ.

ಮುದುಕ ಎದ್ದು, ಪಂಚೆ ಸರಿಮಾಡಿಕೊಂಡು, ಎರಡು ಹೆಜ್ಜೆ ನಡೆದು ನಿಂತ. ಸೊಸೆ ಅವನ ಮುಂದೆಯೇ ಇದ್ದಳು. ಕೈ ಚಾಚಿದರೆ ಅವಳ ಕೆನ್ನೆ ಸಿಗುತ್ತಿತ್ತು.

"ತನಿಖೆ ಸಾಹೇಬ್ರು ಇದಾರಾ ಇಲ್ಲಿ?" ಅಂತ ಕೇಳಿದ. "ಸಾಹೇಬ್ರೆ, ಹುಡುಗಿ ಹೊರಗೆ ಬಂದ್ಲಾ?"

ಜಿಗಣೆ ಬಾಯಿ ತೆರೆದ. ಚಾಲಕಿ ಕಾವಲುಗಾರರ ಕಡೆ ಕಣ್ಣು ತೋರಿಸಿ, ತುಟಿಯ ಮೇಲೆ ಬೆರಳಿಟ್ಟು, ಬೇಡ ಎಂದು ತಲೆಯಾಡಿಸಿದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಉಸಿರಿನ ಸದ್ದೂ ಇರಲಿಲ್ಲ.

"ಬಂದ್ಲು," ಅಂದ ಜಿಗಣೆ.

"ಒಳ್ಳೇದಾಯ್ತು. ಮನೆ ಕೀಲಿ ಪಕ್ಕದ ಮನೆಯಲ್ಲಿದೆ ಅಂತ ಹೇಳಿ. ಉಣ್ಣದೆ ಮಲಗೋಳು ಅವಳು, ಊಟ ಮಾಡು ಅಂತ ಹೇಳಿ."

ಕಾವಲುಗಾರರು ಅವನನ್ನು ಪಕ್ಕದ ಕೋಣೆಗೆ ತಳ್ಳಿ, ಬೀಗ ಹಾಕಿ, ಕೀಲಿಯನ್ನು ಜಿಗಣೆಯ ಕೈಗೆ ಕೊಟ್ಟು ಗೇಟಿನ ಕಡೆ ಹೋದರು. ಓಣಿಯಲ್ಲಿ ಇಬ್ಬರೇ ಉಳಿದರು.

"ಎಷ್ಟು ದಿನದಿಂದ?" ಎಂದ ಜಿಗಣೆ ಪಿಸುಮಾತಿನಲ್ಲಿ.

"ವರ್ಷದ ಮೇಲಾಯ್ತು. ಮೊದಲು ಮಬ್ಬಾಯ್ತು. ಈಗ ಬೆಳಕು ಕತ್ತಲೆ ಅಷ್ಟೇ ಗೊತ್ತಾಗೋದು. ಗೊತ್ತಾದ್ರೆ ಕೆಲಸದಿಂದ ತೆಗೆದುಹಾಕ್ತಾರೆ. ಕೆಲಸ ಹೋದ್ರೆ ಮಾವ ಬದುಕಲ್ಲ ಸರ್. ಅವರಿಗೆ ಬೇರೆ ಏನೂ ಬರಲ್ಲ, ಸುಮ್ನೆ ಕೂರೋಕೂ ಬರಲ್ಲ."

"ಮತ್ತೆ ಬಣ್ಣ ಹಚ್ತಿದ್ದದ್ದು?"

"ನಾನು. ನನ್ನ ಪಾಳಿ ಮುಗಿದ ಮೇಲೆ ಮಾವನಿಗೆ ಊಟ ತಂದೆ ಅಂತ ಶೆಡ್ಡಿಗೆ ಹೋಗ್ತಿದ್ದೆ. ಥಿನ್ನರ್ ವಾಸನೆಗೆ ಯಾರೂ ಹತ್ರ ಬರ್ತಿರ್ಲಿಲ್ಲ. ಅವರು ಬಾಗಿಲಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿರ್ತಿದ್ರು, ಒಳಗೆ ನಾನು ಹಚ್ತಿದ್ದೆ."

"ಮಂತ್ರಿ ಬರೋ ಹಿಂದಿನ ದಿನಾನೂ?"

"ಆವತ್ತೂ ನಾನೇ. ಕೊಂಡಿಗೆ ಟೇಪು ಸುತ್ತಿದ್ದು ನಾನೇ, ಒಣಗಿದ ಮೇಲೆ ಕಿತ್ತದ್ದೂ ನಾನೇ. ನಾನು ಹೊರಗೆ ಬಂದಾಗ ಅದು ಬೂದು ಬಣ್ಣದಲ್ಲೇ ಇತ್ತು. ಡಬ್ಬಿ, ಕುಂಚ ಅಲ್ಲೇ ಬಿಟ್ಟಿದ್ದೆ. ಬೆಳಿಗ್ಗೆ ಶೆಡ್ಡು ತೆಗೆಸಿದ್ದು ಮುಖ್ಯಸ್ಥರು. ಮಾವನನ್ನ ನಾನು ಮನೆಯಿಂದ ಹೊರಗೇ ಬಿಟ್ಟಿರ್ಲಿಲ್ಲ, ಮಂತ್ರಿಗಳ ಮುಂದೆ ಎಡವಿದ್ರೆ ಅಂತ."

ಜಿಗಣೆಗೆ ಈಗ ಇಡೀ ಬೆಳಗು ಕಣ್ಣಿಗೆ ಕಟ್ಟಿತು. ಮಂತ್ರಿಗಳ ಗಾಡಿ ದಾರಿಯಲ್ಲಿ. ಬಣ್ಣದವನು ಪತ್ತೆಯಿಲ್ಲ. ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ, ಬಾಗಿ, ಕುಂಚ ಅದ್ದಿದವರು ಯಾರು ಎಂದು ಕೇಳಬೇಕಾಗಿಯೇ ಇರಲಿಲ್ಲ. ಕುರುಡನನ್ನು ಕರೆದು ಹಚ್ಚಿಸಿದೆ ಎಂದು ತನ್ನ ಮುಖ ನೋಡಿಕೊಂಡೇ ಹೇಳಿದ್ದರು.

"ಸಾಕು," ಅಂದ. "ಈಗಲೇ ಹೋಗ್ತೀನಿ. ಸೇನೆಯವರ ಮುಂದೆಯೇ ಹೇಳ್ತೀನಿ. ಆ ಮುದುಕ ಕುಂಚ ಹಿಡಿಯೋಕೇ ಸಾಧ್ಯ ಇಲ್ಲ ಅಂತ ಯಾವ ಡಾಕ್ಟರ್ ಬೇಕಾದ್ರೂ ಹೇಳ್ತಾರೆ."

"ಹೇಳ್ತಾರೆ," ಅಂದಳು ಅವಳು. "ಆಮೇಲೆ ಅವರು ಕೇಳೋ ಪ್ರಶ್ನೆ ಏನು ಸರ್?"

ಜಿಗಣೆ ಗೇಟಿನ ಕಡೆ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ.

"ಒಂದು ವರ್ಷದಿಂದ ಮತ್ತೆ ಯಾರು ಹಚ್ತಿದ್ರು ಅಂತ ಕೇಳ್ತಾರೆ. ಚಾಲಕಿ ಅಂತೀರಿ. ಕದ್ದು ಶೆಡ್ಡಿಗೆ ಹೋಗ್ತಿದ್ದವಳು. ಕೊಂಡಿಗೆ ಬಣ್ಣ ಬಿದ್ರೆ ಏನಾಗುತ್ತೆ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರೋಳು. ಹಿಂದಿನ ದಿನ ಕುಂಚ ಹಿಡ್ಕೊಂಡು ಅದರ ಪಕ್ಕದಲ್ಲೇ ಕೂತಿದ್ದೋಳು. ಟೇಪು ಕಿತ್ತೆ ಅನ್ನೋದಕ್ಕೆ ನನ್ನ ಮಾತು ಬಿಟ್ರೆ ಇನ್ನೇನಿದೆ? ಮುಖ್ಯಸ್ಥರ ಮಾತಿನ ಎದುರಿಗೆ ನನ್ನ ಮಾತು ಯಾರು ನಂಬ್ತಾರೆ?"

ಹಳ್ಳಕ್ಕೆ ಬಿದ್ದವರಿಗೆ ಆಳಿಗೊಂದು ಕಲ್ಲು ಅನ್ನುತ್ತಾರೆ. ಈ ಇಬ್ಬರ ಮೇಲೆ ಎಲ್ಲರಿಗಿಂತ ದೊಡ್ಡ ಕಲ್ಲು ಹಾಕಿದವನು ತಾನೇ, ಅದೂ ಎತ್ತಲು ಹೋಗಿ, ಅಂದುಕೊಂಡ ಜಿಗಣೆ. ಮಾವ ಕುರುಡನೆಂದರೆ ಸೊಸೆ ಹೋಗುತ್ತಾಳೆ. ಅನ್ನದಿದ್ದರೆ ಮಾವ ಹೋಗುತ್ತಾನೆ. ಹಚ್ಚಿದವರು ಎರಡು ಲೆಕ್ಕದಲ್ಲೂ ಫೋಟೋದಲ್ಲಿ ನಗುತ್ತಿರುತ್ತಾರೆ.

ಹೊರಗೆ ಗೇಟು ತೆರೆದ ಸದ್ದಾಯಿತು. ಭಾರದ ಗಾಡಿಯೊಂದು ಒಳಗೆ ಬಂದು ನಿಂತಿತು.

ಚಾಲಕಿ ಕಣ್ಣೊರೆಸಿಕೊಂಡಳು. ತಾನು ಈಗ ತಾನೆ ದಾಟಿ ಬಂದ ಹೊಸ್ತಿಲನ್ನು ಮತ್ತೆ ದಾಟಿ ಒಳಗೆ ಹೋಗಿ ಮಂಚದ ಮೇಲೆ ಕೂತಳು.

"ಬಾಗಿಲು ಹಾಕಿ ಸರ್. ಮಾವನನ್ನ ಮನೆಗೆ ಕಳಿಸಿ. ಅವರಿಗೆ ಹೊಸ ಜಾಗ ಆಗಲ್ಲ. ಗೋಡೆ ಎಲ್ಲಿದೆ, ನೀರು ಎಲ್ಲಿದೆ ಅಂತ ಗೊತ್ತಾಗೋಕೇ ತಿಂಗಳುಗಟ್ಟಲೆ ಬೇಕು."

"ಹುಚ್ಚಾ ನಿನಗೆ? ಅವರು ಕೊಟ್ಟಿರೋ ಬಿಡುಗಡೆ..."

"ಬಾಗಿಲು ಹಾಕಿ."

ಪಕ್ಕದ ಕೋಣೆಯ ಬಾಗಿಲನ್ನು ಒಳಗಿನಿಂದ ಯಾರೋ ಅಂಗೈಯಿಂದ ತಟ್ಟಿದರು. ಗೋಡೆ ತೆಳ್ಳಗಿತ್ತು. ಕಣ್ಣು ಹೋದವನ ಕಿವಿ ಚುರುಕಾಗಿತ್ತು.

"ಸಾಹೇಬ್ರೆ," ಎಂದಿತು ಮುದುಕನ ಧ್ವನಿ. "ಅವಳ ಮಾತು ಕೇಳ್ಬೇಡಿ. ಅವಳು ಚಿಕ್ಕೋಳಿದ್ದಾಗಿಂದಲೂ ಹಠಮಾರಿ. ನನಗೆ ಕಣ್ಣು ಕಾಣುತ್ತೆ. ಯಾರು ಕೇಳಿದ್ರೂ ಕಾಣುತ್ತೆ ಅಂತಾನೇ ಹೇಳ್ತೀನಿ."

ಓಣಿಯ ತುದಿಯಲ್ಲಿ ಸೇನೆಯ ಅಧಿಕಾರಿ ಕಾಣಿಸಿಕೊಂಡ. ಹಿಂದೆ ಇಬ್ಬರು ಸೈನಿಕರು. ಅವನು ತೆರೆದಿದ್ದ ಬಾಗಿಲನ್ನು ನೋಡಿದ, ಮುಚ್ಚಿದ್ದ ಬಾಗಿಲನ್ನು ನೋಡಿದ, ನಡುವೆ ಕೈಯಲ್ಲಿ ಎರಡು ಕೀಲಿ ಹಿಡಿದು ನಿಂತವನನ್ನು ನೋಡಿದ.

"ತನಿಖಾಧಿಕಾರಿ ನೀವೇ ಅಲ್ವಾ?" ಅಂದ. "ನಮಗೆ ಒಬ್ಬರನ್ನ ಕರ್ಕೊಂಡು ಹೋಗೋಕೆ ಹೇಳಿದ್ದಾರೆ. ಮೊದಲು ಹೆಂಗಸು ಅಂದಿದ್ರು, ಈಗ ಗಂಡಸು ಅಂತಿದಾರೆ. ನಿಮ್ಮ ಸಾಹೇಬರನ್ನ ಕೇಳಿದ್ರೆ ನೀವು ಹೇಳ್ತೀರಿ ಅಂದ್ರು. ಯಾವ ಬಾಗಿಲು?"